ಶೆಟಿಗೆವ್ವನ ಮುಂದಿಟ್ಟ ಹಾಳೆ

ನಾನು ಹತ್ತಿದ ಬಸ್ಸು ಕುಕನೂರು ಮುಟ್ಟುವ ಮೊದಲೇ ಕೆಟ್ಟು ನಿಲ್ಲಬಹುದಿತ್ತು. ನಿಲ್ಲದಿದ್ದರೆ, ಫೋನಿನಲ್ಲಿ ಹೆಣ್ಣು ಎಂದು ಕೇಳಿಸಿದ್ದು ಬೇರೆ ಯಾರದೋ ಮನೆಯ ಸುದ್ದಿಯಾಗಿರಬಹುದಿತ್ತು. ಕೂಸಿನ ತೂಕ ಕಡಿಮೆ ಬಿದ್ದಿರಬಹುದಿತ್ತು. ಹೆಚ್ಚಿದ್ದರೆ ಅದಕ್ಕೂ ಏನಾದರೊಂದು ಕೆಟ್ಟ ಕಾರಣ ಇದ್ದೇ ಇರುತ್ತಿತ್ತು. ಹೊಕ್ಕುಳು ಕೀವು ಹಿಡಿಯಬಹುದಿತ್ತು, ಮೈಗೆ ಕಾಮಾಲೆ ಏರಬಹುದಿತ್ತು, ಹಾಲು ನೆತ್ತಿಗೆ ಹತ್ತಬಹುದಿತ್ತು. ತೊಟ್ಟಿಲ ಹಗ್ಗ ಹರಿಯಬಹುದಿತ್ತು. ಹಗ್ಗ ಗಟ್ಟಿಯಿದ್ದರೆ ತೊಲೆ ಮುರಿಯಬಹುದಿತ್ತು. ಎರಡೂ ಗಟ್ಟಿಯಿದ್ದರೆ ತೊಲೆಯ ಸಂದಿಯಿಂದ ಚೇಳು ಉದುರಬಹುದಿತ್ತು. ಮನೆಯವರು ನನಗೆ ಹೇಳದೆ ಮುಚ್ಚಿಟ್ಟದ್ದು ಏನಾದರೂ ಇರಬಹುದಿತ್ತು. ಮುಚ್ಚಿಟ್ಟಿಲ್ಲವೆಂದರೆ, ಅವರಿಗೇ ಇನ್ನೂ ತಿಳಿದಿಲ್ಲ ಎಂದೂ ಆಗಬಹುದಿತ್ತು. ಕೊನೆಗೆ, ಕೂಸು ನನ್ನನ್ನೇ ಹೋಲಬಹುದಿತ್ತು.

ಇಷ್ಟನ್ನು ನಾನು ಕೊಪ್ಪಳದಿಂದ ಹೆಂಡತಿಯ ತವರಿಗೆ ಹೋಗುವ ದಾರಿಯಲ್ಲಿ ಯೋಚಿಸಿ ಮುಗಿಸಿದ್ದೆ. ಆಗ ಕೊಪ್ಪಳ ಜಿಲ್ಲೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ನಾನು ಕಲೆಕ್ಟರ್ ಕಚೇರಿಯಲ್ಲಿ, ಬಂದ ಕಾಗದ ದಾಖಲಿಸುವ ಆವಕ ವಿಭಾಗದ ಗುಮಾಸ್ತ. ರಾಯಚೂರಿನಿಂದ ಗೋಣಿಚೀಲಗಳಲ್ಲಿ ಬರುತ್ತಿದ್ದ ಹಳೆಯ ಕಡತಗಳಿಗೆ ಹೊಸ ನಂಬರು ಹಾಕುವುದು ನನ್ನ ಕೆಲಸ. ಬೆಳಗಿನಿಂದ ಸಂಜೆಯವರೆಗೆ ನಂಬರು ಹಾಕಿ ಹಾಕಿ ನನ್ನ ಚಿಂತೆಗಳಿಗೂ ನಂಬರು ಬೀಳತೊಡಗಿತ್ತು. ನಂಬರು ಬಿದ್ದ ಮೇಲೆ ಕಾಗದ ಕಳೆಯುವುದಿಲ್ಲ ಎಂದು ನಮ್ಮ ಆಫೀಸಿನಲ್ಲಿ ನಂಬಿಕೆ. ಚಿಂತೆಯೂ ಹಾಗೆಯೇ.

ಹೆರಿಗೆ ಯಲಬುರ್ಗಾದ ಆಸ್ಪತ್ರೆಯಲ್ಲಿ ಆಗಿತ್ತು. ನಾನು ಹೋಗುವಷ್ಟರಲ್ಲಿ ತಾಯಿ-ಮಗುವನ್ನು ತಳಕಲ್ಲಿನ ಹತ್ತಿರದ ನನ್ನ ಅತ್ತೆಯ ಊರಿಗೆ ಕರೆತಂದಿದ್ದರು. ಮೂರು ದಿನದ ಕೂಸನ್ನು ಅತ್ತೆ ನನ್ನ ಕೈಗೆ ಕೊಟ್ಟರು. ಎರಡು ಕೈಯಲ್ಲಿ ಹಿಡಿದರೆ ಬಿಗಿಯಾದೀತು, ಸಡಿಲ ಬಿಟ್ಟರೆ ಜಾರೀತು ಎಂದು ನಾನು ಅದನ್ನು ಕಲೆಕ್ಟರರಿಗೆ ಒಪ್ಪಿಸಬೇಕಾದ ಕಡತದಂತೆ ಮುಂದಕ್ಕೆ ಚಾಚಿ ಹಿಡಿದು ನಿಂತೆ.

"ಎದಿಗೆ ಹಚ್ಚಿ ಹಿಡಿರಿ ಅಳಿಯಂದ್ರ," ಎಂದರು ಅತ್ತೆ. "ಅದೇನು ಕಚ್ಚೂದಿಲ್ಲ. ಹಲ್ಲ ಇಲ್ಲ."

ಎದೆಗೆ ಹಚ್ಚಿಕೊಂಡು ನೋಡಿದೆ. ನೋಡಬಾರದಿತ್ತು. ನೆತ್ತಿಯ ನಡುವೆ ತೊಗಲು ಮೇಲೆ ಕೆಳಗೆ ಬಡಿದುಕೊಳ್ಳುತ್ತಿತ್ತು, ಒಳಗೆ ಯಾರೋ ಬಾಗಿಲು ತಟ್ಟುತ್ತಿದ್ದಾರೆ ಎಂಬಂತೆ. ಒಂದು ಕಣ್ಣು ನನ್ನನ್ನು, ಇನ್ನೊಂದು ಮೂಗನ್ನು ನೋಡುತ್ತಿತ್ತು. ಭುಜದ ಮೇಲೆ ನವಿರಾದ ಕೂದಲು. ಅಂಗಾಲಿನ ತೊಗಲು ಬೇಯಿಸಿದ ಆಲೂಗಡ್ಡೆಯ ಸಿಪ್ಪೆಯಂತೆ ಏಳುತ್ತಿತ್ತು. ಕುಂಡೆಯ ಮೇಲೆ ಶಾಯಿ ಚೆಲ್ಲಿದಂತೆ ನೀಲಿ ಮಚ್ಚೆ. ಉಸಿರು ನಾಲ್ಕು ಸಲ ಓಡೋಡಿ ಬಂದು, ಐದನೆಯದು ಬರುವ ಮೊದಲು ನನ್ನ ಉಸಿರು ನಿಲ್ಲುವಷ್ಟು ಹೊತ್ತು ಸುಮ್ಮನಿರುತ್ತಿತ್ತು. ಅತ್ತಾಗ ಊರಿಗೇ ಕೇಳುವಂತೆ ಅಳುತ್ತಿತ್ತು, ಕಣ್ಣಲ್ಲಿ ಒಂದು ಹನಿ ನೀರಿಲ್ಲ. ಅಂಗೈಯಲ್ಲಿ ಬೆರಳಿಟ್ಟರೆ ಬಿಡಿಸಿಕೊಳ್ಳಲು ಕಷ್ಟವಾಗುವಷ್ಟು ಗಟ್ಟಿ ಹಿಡಿತ. ನೆಲಕ್ಕೆ ಪಾದ ತಾಗಿಸಿ ಎತ್ತಿ ಹಿಡಿದರೆ, ಮೂರು ದಿನದ ಕೂಸು ಒಂದರ ಮುಂದೊಂದು ಕಾಲು ಇಟ್ಟು ನಡೆಯತೊಡಗಿತು. ನಾನು ಹೆದರಿ ಎತ್ತಿಕೊಂಡೆ.

ಹತ್ತು ಉಗುರುಗಳು ಮಾತ್ರ ಎಷ್ಟು ನೋಡಿದರೂ ಸರಿಯಾಗಿದ್ದವು. ಈರುಳ್ಳಿಯ ಒಳಸಿಪ್ಪೆಯಷ್ಟು ತೆಳ್ಳಗೆ, ಬೆರಳಿನಾಚೆ ತುಸು ಬೆಳೆದು ಬಂದವು. ಅವನ್ನು ನೋಡಿದಾಗಲೆಲ್ಲ ಸಮಾಧಾನವಾಗುತ್ತಿತ್ತು.

ಕೂಸಿಗೆ ಎರೆಯಲು ಒಬ್ಬ ಮುದುಕಿ ಬರುತ್ತಿದ್ದಳು. ಊರೆಲ್ಲ ಆಕೆಯನ್ನು ಬೂಬಮ್ಮ ಎಂದು ಕರೆಯುತ್ತಿತ್ತು. ನನ್ನ ಹೆಂಡತಿಗೂ ಎರೆದವಳು ಅವಳೇ. ಕಾಲು ಚಾಚಿ ಕುಳಿತು, ಕಾಲ ಮೇಲೆ ಕೂಸನ್ನು ಬೋರಲು ಹಾಕಿಕೊಂಡು ಬಿಸಿನೀರು ಸುರಿಯುವಾಗ ನಾನು ಬಾಗಿಲಲ್ಲಿ ನಿಂತಿರುತ್ತಿದ್ದೆ.

"ಬೂಬಮ್ಮ, ಕಾಲಿನ ತೊಗಲು ಏಳಾಕ ಹತ್ತೇತಲ್ಲ."

"ಸಾಹೇಬ್ರ, ಒಂಬತ್ತು ತಿಂಗಳ ನೀರಾಗ ಇದ್ದದ್ದು. ನೀವು ಒಂದು ತಾಸು ಬಾವ್ಯಾಗ ಈಸಾಡಿ ಬಂದ್ರ ಕೈ ನೋಡಿಕೋರಿ."

"ಕಣ್ಣು?"

"ಕೂಸು ಹೊಸಾದೈತಿ. ಬಳಸಿಬಳಸಿ ಸರಿ ಆಕ್ಕೈತಿ."

ಸಂತೆಯಲ್ಲಿ ಕೊಂಡ ಚಪ್ಪಲಿಯ ಬಗ್ಗೆ ಹೇಳಿದಂತೆ ಹೇಳಿದಳು. ನಾನು ಹೊರಗೆ ಬಂದು ಅಂಗಿಯ ಜೇಬಿನಿಂದ ಆಫೀಸಿನ ಬಿಳಿ ಹಾಳೆ ತೆಗೆದು, ಎಲ್ಲವನ್ನೂ ನಂಬರು ಹಾಕಿ ಬರೆದುಕೊಂಡೆ. ಕೊಪ್ಪಳಕ್ಕೆ ಹೋದ ಮೇಲೆ ಡಾಕ್ಟರರನ್ನು ಕೇಳಬೇಕು ಎಂಬುದು ನೆಪ. ಬರೆದರೆ ಎದೆ ಹಗುರವಾಗುತ್ತದೆ ಎಂಬುದು ನಿಜ.

ಆ ಪಟ್ಟಿಯ ಕೊನೆಯ ನಂಬರನ್ನು ಬರೆದದ್ದು ಅತ್ತೆಯ ಒಂದು ಹೊಗಳಿಕೆಯಿಂದ. ಅವರ ಮನೆಯ ಗೋಡೆಗೆ ಅಂಟಿಕೊಂಡೇ ಹಿಟ್ಟಿನ ಗಿರಣಿ. ಅದು ಶುರುವಾದರೆ ಹಲಗೆಯ ಮೇಲಿನ ಪಾತ್ರೆಗಳು ತಾವಾಗಿಯೇ ಕುಣಿಯುತ್ತಿದ್ದವು. ಕೂಸು ಮಾತ್ರ ಅಲುಗದೆ ಮಲಗಿರುತ್ತಿತ್ತು. ನೋಡಲು ಬಂದ ಹೆಂಗಸರಿಗೆ ಅತ್ತೆ ಹೇಳಿದರು: "ಭಾಳ ಛಲೋ ಕೂಸು ನೋಡ್ರಿ. ಎಷ್ಟು ಗದ್ದಲಾದ್ರೂ ಏಳೂದಿಲ್ಲ."

ಈ ಮಾತನ್ನು ನಾನು ಮೊದಲೇ ಕೇಳಿದ್ದೆ. ನನ್ನ ಅಕ್ಕ ಹುಟ್ಟಿದಾಗ ನಮ್ಮ ಅವ್ವ ಕುಷ್ಟಗಿಯ ನಮ್ಮ ಓಣಿಯೆಲ್ಲ ಹೇಳಿಕೊಂಡು ತಿರುಗುತ್ತಿದ್ದಳಂತೆ, ನನ್ನ ಮಗಳು ಎಷ್ಟು ಶಾಣ್ಯಾ ಅಂದ್ರ ಗದ್ದಲಕ್ಕ ಏಳೂದಿಲ್ಲ ಅಂತ. ಎರಡೂವರೆ ವರ್ಷ ಹಾಗೆ ಹೇಳಿದಳು. ಒಂದು ದಿನ ಓಣಿಯಲ್ಲಿ ಆಡುತ್ತಿದ್ದ ಅಕ್ಕ ಹಿಂದೆ ಬಂದ ಚಕ್ಕಡಿಯವನು ಎಷ್ಟು ಕೂಗಿದರೂ ಸರಿಯಲಿಲ್ಲ. ಎತ್ತುಗಳೇ ತಾವಾಗಿ ನಿಂತವು. ಅವ್ವನಿಗೆ ಆ ದಿನ ತಿಳಿಯಿತು. ಅಕ್ಕನಿಗೆ ಕೇಳುವುದಿಲ್ಲ, ಕೇಳದ್ದರಿಂದ ಮಾತೂ ಬರಲಿಲ್ಲ. ಅವ್ವ ಇವತ್ತಿಗೂ ಯಾವ ಕೂಸನ್ನೂ ಶಾಣ್ಯಾ ಎಂದು ಹೊಗಳುವುದಿಲ್ಲ.

ಪಟ್ಟಿಯ ಕೊನೆಗೆ ನಾನು ಒಂದೇ ಶಬ್ದ ಬರೆದೆ: ಕಿವಿ. ಪ್ರಶ್ನಾರ್ಥಕ ಚಿಹ್ನೆಯನ್ನೂ ಹಾಕಲಿಲ್ಲ.

ಹೆಂಡತಿಗೆ ಹೇಳಲಿಲ್ಲ. ಬದಲಿಗೆ ಪರೀಕ್ಷೆ ಶುರು ಮಾಡಿದೆ. ಕೂಸು ಮಲಗಿದಾಗ ಪಕ್ಕದಲ್ಲಿ ಕುಳಿತು, ಸೊಳ್ಳೆ ಹೊಡೆಯುವವನಂತೆ ಚಪ್ಪಾಳೆ ತಟ್ಟಿದೆ. ಮೊದಲನೆಯದಕ್ಕೆ ರೆಪ್ಪೆ ತುಸು ಅಲುಗಿದಂತೆ ಕಂಡಿತು. ಎರಡನೆಯದಕ್ಕೆ ಇಲ್ಲ. ಮೂರನೆಯದಕ್ಕೆ ಏನೂ ಇಲ್ಲ. ಹೊಸ ಕೂಸುಗಳು ಒಂದೇ ಸಪ್ಪಳ ಮತ್ತೆ ಮತ್ತೆ ಬಂದರೆ ನಿದ್ದೆಯಲ್ಲೇ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನು ಬಿಡುತ್ತವೆ ಎಂದು ಬಹಳ ವರ್ಷಗಳ ನಂತರ ಒಬ್ಬ ಡಾಕ್ಟರು ಹೇಳಿದರು. ಅಂದರೆ ಮಗಳು ನನ್ನ ಸಪ್ಪಳವನ್ನು ಮೂರು ಚಪ್ಪಾಳೆಯಲ್ಲೇ ಅಳೆದು ಬದಿಗಿಟ್ಟಿದ್ದಳು. ಈಗಲೂ ಹಾಗೆಯೇ ಮಾಡುತ್ತಾಳೆ. ಆಗ ನನಗೆ ಅದು ಗೊತ್ತಿರಲಿಲ್ಲ. ನಾಲ್ಕನೆಯ ಚಪ್ಪಾಳೆ ಜೋರಾಗಿ ಬಿತ್ತು.

"ಅಳಿಯಂದ್ರ," ಎಂದರು ಒಳಗಿನಿಂದ ಅತ್ತೆ, "ಸೊಳ್ಳಿ ಕೂಸಿನ ಕಿವ್ಯಾಗ ಹೊಕ್ಕಾವೇನು? ಈ ಕಡೆ ಬರ್ರಿ, ಇಲ್ಲೆ ಬೇಕಾದಷ್ಟು ಅದಾವ."

ಐದನೆಯ ದಿನ ಶೆಟಿಗೆವ್ವನ ಪೂಜೆ. ನಮ್ಮ ಕಡೆ ಆ ದಿನ ಶೆಟಿಗೆವ್ವ ಬಂದು ಕೂಸಿನ ಹಣೆಬರಹ ಬರೆಯುತ್ತಾಳೆ. ಆಕೆಗೆ ಅನುಕೂಲವಾಗಲೆಂದು ಸಂಜೆ ದೀಪ ಹಚ್ಚಿ, ಹಾಳೆ ಮತ್ತು ಪೆನ್ನು ಇಟ್ಟು ಬರುವುದು ಪದ್ಧತಿ. ಹಾಳೆ ಬೆಳಿಗ್ಗೆಯೂ ಖಾಲಿಯೇ ಇರುತ್ತದೆ. ಆಕೆ ಬರೆದದ್ದು ನಮಗೆ ಕಾಣುವುದಿಲ್ಲ, ಅಷ್ಟೇ. ಕೂಸು ನಿದ್ದೆಯಲ್ಲಿ ನಗುವುದೂ, ಮರುಗಳಿಗೆ ತುಟಿ ಇಳಿಬಿಡುವುದೂ ಆಕೆಯದೇ ಆಟ. ನಾನು ಇದನ್ನೆಲ್ಲ ನಂಬುವವನಲ್ಲ ಎಂದು ಹೇಳಿಕೊಳ್ಳುತ್ತಿದ್ದ ವಯಸ್ಸು ಅದು.

"ಒಂದು ಬರಿ ಹಾಳಿ ಕೊಡ್ರಿ," ಎಂದರು ಅತ್ತೆ. "ನಿಮ್ಮ ಪೆನ್ನೂ ಕೊಡ್ರಿ."

"ಬಾಲ್ ಪೆನ್ನ ನಡಿತೈತೇನ್ರಿ ಆಕಿಗೆ? ಶಾಯಿ ಪೆನ್ನ ಬೇಕೋ?"

"ಯಾವುದಾದ್ರೂ ನಡಿತೈತಿ. ಛಲೋ ಮೂಡುವಂಥಾದು ಕೊಡ್ರಿ. ಅರ್ಧಕ್ಕ ನಿಂತ್ರ ಆಕಿಗೇನು, ತ್ರಾಸು ಕೂಸಿಗೆ."

ಜೇಬಿನಲ್ಲಿ ನಾಲ್ಕು ಮಡಿಕೆಯ ಎರಡು ಹಾಳೆಗಳಿದ್ದವು. ಒಂದನ್ನು ತೆಗೆದು ಕೊಟ್ಟೆ. ಅತ್ತೆ ಅದನ್ನು ಮಡಿಕೆ ಬಿಚ್ಚದೆ ದೀಪದ ಪಕ್ಕದಲ್ಲಿಟ್ಟು, ಮೇಲೆ ಪೆನ್ನು ಇಟ್ಟು ಕೈ ಮುಗಿದರು. ನಾನೂ ಮುಗಿದೆ, ಅತ್ತೆಯ ಸಮಾಧಾನಕ್ಕೆ.

ಬೆಳಿಗ್ಗೆ ಚಹಾ ಕುಡಿಯುತ್ತ, ರಾತ್ರಿ ಹೊಸದಾಗಿ ಕೇಳಿಸಿದ ಬಿಕ್ಕಳಿಕೆಯನ್ನು ಪಟ್ಟಿಗೆ ಸೇರಿಸೋಣವೆಂದು ಜೇಬಿಗೆ ಕೈ ಹಾಕಿದೆ. ಬಂದದ್ದು ಖಾಲಿ ಹಾಳೆ.

ಚಹಾ ಅಲ್ಲೇ ಬಿಟ್ಟು ಎದ್ದೆ. ಅಷ್ಟರಲ್ಲಿ ಅತ್ತೆ ದೀಪದ ಹತ್ತಿರ ಬಗ್ಗಿದ್ದರು, ಹಾಳೆ ಬಿಚ್ಚಿದ್ದರು. ಅವರಿಗೆ ಓದು ಬರದು. ಆದರೆ ಮೇಲಿನಿಂದ ಕೆಳಗಿನವರೆಗೆ ನೀಲಿ ಅಕ್ಷರ ತುಂಬಿದ ಹಾಳೆಗೂ ಖಾಲಿ ಹಾಳೆಗೂ ವ್ಯತ್ಯಾಸ ತಿಳಿಯದಷ್ಟು ಪೆದ್ದರಲ್ಲ. ನನ್ನ ಮುಖ ನೋಡಿದರು.

"ಇದು ನಿಮ್ಮ ಅಕ್ಷರ ಅಲ್ಲೇನ್ರಿ?"

"ಹೌದ್ರಿ. ತಪ್ಪಿ ಕೊಟ್ಟೇನ್ರಿ."

"ಏನು ಬರದೀರಿ?"

"ಆಫೀಸಿಂದರೀ ಅತ್ತಿ."

ಅವರು ಹಾಳೆಯನ್ನು ಬೆಳಕಿಗೆ ತಿರುಗಿಸಿ ನೋಡಿದರು. ಆಮೇಲೆ ಮುಖ ಅರಳಿತು. "ಆಫೀಸಿಂದನಾ? ಹಂಗಾದ್ರ ಕೂಸಿಗೆ ಸರಕಾರಿ ನೌಕರಿ ಪಕ್ಕಾ ಆತು."

ಎರೆಯಲು ಬಂದಿದ್ದ ಬೂಬಮ್ಮ ಬಚ್ಚಲಿನಿಂದಲೇ ನಕ್ಕಳು. "ಬರಿ ಹಾಳಿ ಕೊಡ್ರಿ ಅಂದ್ರ ಬರದ ಹಾಳಿ ಕೊಟ್ಟಾರ. ಪಾಪ, ಶೆಟಿಗೆವ್ವಗ ರಾತ್ರಿ ಸಹಿ ಹಾಕೂದೊಂದ ಕೆಲಸ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಆ ಸಹಿಯ ಮಾತು ನನ್ನನ್ನು ಬಿಡಲಿಲ್ಲ. ಆಫೀಸಿನಲ್ಲಿ ಗುಮಾಸ್ತ ಬರೆದು ಮೇಲೆ ಕಳಿಸಿದ ಟಿಪ್ಪಣಿಗೆ ಮೇಲಿನವರು ಓದದೆ ಸಹಿ ಹಾಕುವುದನ್ನು ನಾನು ದಿನಾ ನೋಡುತ್ತಿದ್ದೆ. ಮಗಳ ಹಣೆಯ ಮೇಲೆ ಏನು ಬರೆಯಬೇಕೆಂದು ನಾನೇ ಕರಡು ಮಾಡಿ ಮುಂದಿಟ್ಟಿದ್ದೆ. ಅದರ ಕೊನೆಯ ಶಬ್ದ ಕಿವಿ. ನಂಬದವನಿಗೆ ಇದರಿಂದ ಏನೂ ಆಗಬಾರದು. ನನಗೆ ಬೆವರು ಬಂತು.

ಹಾಳೆಯನ್ನು ಕೇಳಿ ಇಸಿದುಕೊಳ್ಳುವ ಧೈರ್ಯವಾಗಲಿಲ್ಲ. ಅತ್ತೆ ಅದನ್ನು ಬಾಣಂತಿಯ ಹಾಸಿಗೆಯ ತಲೆದಿಂಬಿನ ಕೆಳಗೆ ಇಟ್ಟರು. ಹೆಂಡತಿ ಹತ್ತನೆಯ ತರಗತಿ ಓದಿದವಳು. ನಾನು ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದಾಗ, ಎರೆಯುವ ನೀರಿನ ಸಪ್ಪಳದ ನಡುವೆ ಅವಳು ಅದನ್ನು ಬೂಬಮ್ಮನಿಗೆ ಓದಿ ಹೇಳುವುದು ಕೇಳಿಸಿತು.

"ಅಳೂವಾಗ ಕಣ್ಣೀರಿಲ್ಲ, ಅಂತ ಬರದಾರ."

"ಇನ್ನೂ ತಿಂಗಳಾದ್ರೂ ಬೇಕು ಕಣ್ಣೀರು ಬರಾಕ. ಈಗ ಅತ್ತು ಯಾರಿಗೆ ತೋರಸಬೇಕೈತಿ ಅದಕ್ಕ."

"ಕೂಸಿಗೆ ಸುತ್ತಿದ ಅರಿವಿ ಮ್ಯಾಗ ಒಂದು ಹನಿ ರಕ್ತ."

"ಹೆಣ್ಣಕೂಸಿಗೆ ಬರತೈತವ್ವ ಒಂದೆರಡು ದಿನ. ತಾಯಿ ಒಳಗಿಂದ ತಂದದ್ದು, ಇಲ್ಲಿ ಬಿಟ್ಟು ಮುಂದ ಹೋಗತೈತಿ."

"ಕೂಸಿನ ಎದಿ ಬಾತು ಹಾಲಿನಂಥಾದು ಜಿನಗತೈತಿ."

"ಅದೂ ನಿಂದ. ಮುಟ್ಟಬ್ಯಾಡ, ಹಿಂಡಬ್ಯಾಡ, ತಾನ ಇಳಿತೈತಿ. ಮುಂದ ಓದು."

"ಕೈ ಒಮ್ಮೆಲೆ ಒಗಿತೈತಿ. ಫಿಟ್ಸ್ ಇರಬಹುದು."

ಬೂಬಮ್ಮ ಚೊಂಬು ಕೆಳಗಿಟ್ಟ ಸಪ್ಪಳ ಬಂತು. "ಬೆಚ್ಚತೈತ್ಲೇ ಅದು. ಬಿದ್ದೆನೇನೋ ಅಂತ ತಿಳಕೊಂಡು ಕೈ ಒಗದು, ಮತ್ತ ನಿನ್ನ ತಬ್ಬಿಕೊಳ್ಳಾಕ ಬರತೈತಿ. ನಿನ್ನ ಗಂಡಗ ಹೇಳು, ತಬ್ಬಿಕೊಳ್ಳಾಕ ಬಂದವರನ್ನೂ ರೋಗ ಅಂತ ಬರಿಬಾರದು. ಮುಂದ?"

ಮುಂದಿನದು ಕೇಳಿಸಲಿಲ್ಲ. ನಾನು ಕಾದೆ. ನೀರು ಸುರಿಯುತ್ತಿತ್ತು.

"ಮುಂದೇನೈತಿ?"

"ಮುಗೀತು ಬೂಬಮ್ಮ," ಎಂದಳು ಹೆಂಡತಿ.

ಮಧ್ಯಾಹ್ನ ನಾನು ಒಳಗೆ ಹೋದಾಗ ಅವಳು ಕೂಸಿಗೆ ಹಾಲೂಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ನನಗ ಹೇಳಬಾರದಿತ್ತೇನ್ರಿ?"

"ನೀನೂ ಅಂಜತಿದ್ದಿ."

"ಈಗೇನು ಅಂಜಿಲ್ಲೇನು." ಕೂಸನ್ನು ಇನ್ನೊಂದು ಮಗ್ಗುಲಿಗೆ ಬದಲಿಸಿಕೊಂಡು ಹೇಳಿದಳು, "ನನ್ನ ದನಿ ಕೇಳಿದ್ರ ಈ ಕಡೆ ತಿರುಗತಾಳ್ರಿ."

"ಹಾಲಿನ ವಾಸನಿಗೂ ತಿರುಗಿರಬಹುದು."

ಹೊಟ್ಟೆಯೊಳಗಿದ್ದಾಗಲೇ ಕೂಸು ತಾಯಿಯ ದನಿಯನ್ನು ಗುರುತು ಹಿಡಿದಿರುತ್ತದೆ ಎಂದು ಈಗ ಎಲ್ಲರಿಗೂ ಗೊತ್ತು. ಅವಳಿಗೆ ಅದು ಯಾರೂ ಹೇಳದೆ ಗೊತ್ತಿತ್ತು. ನಾನು ಒಂದೇ ಮಾತಿನಲ್ಲಿ ಅದನ್ನು ಅವಳಿಂದ ಕಸಿದುಕೊಂಡೆ. ಮರುದಿನ ಅವಳು ಕೂಸಿನ ತಲೆಯ ಹತ್ತಿರ ಒಂದು ಚಮಚ ಬೀಳಿಸಿದಳು, ಕೈ ಜಾರಿದಂತೆ. ಕೂಸು ಮಲಗಿಯೇ ಇತ್ತು. ಹತ್ತು ನಿಮಿಷದ ಮೇಲೆ ಮತ್ತೊಮ್ಮೆ ಬೀಳಿಸಿದಳು. ಹೊಸ ಕೂಸಿನ ಮನೆಗೆ ಅಂಟುವ ಕಾಯಿಲೆಯವರು ಬರಬಾರದು ಎನ್ನುತ್ತಾರೆ. ನನ್ನನ್ನು ಯಾರೂ ತಡೆದಿರಲಿಲ್ಲ.

ಹದಿಮೂರನೆಯ ದಿನ ಹೆಸರಿಟ್ಟು ತೊಟ್ಟಿಲಿಗೆ ಹಾಕುವುದು. ಕೂಸಿನ ಕಿವಿಯಲ್ಲಿ ಮೂರು ಸಲ 'ಕುರ್' ಎಂದು ಹೆಸರು ಹೇಳುವ ಹಕ್ಕು ಸೋದರತ್ತೆಯದು. ಈ ಕೂಸಿಗೆ ಸೋದರತ್ತೆ ಎಂದರೆ ನನ್ನ ಅಕ್ಕ ಒಬ್ಬಳೇ. ಅತ್ತೆ ಇದನ್ನು ಎರಡು ದಿನದಿಂದ ಸುತ್ತಿ ಬಳಸಿ ಹೇಳುತ್ತಿದ್ದರು. ಹಿಂದಿನ ಸಂಜೆ ನೇರವಾಗಿಯೇ ಹೇಳಿದರು.

"ತಪ್ಪು ತಿಳಕೋಬ್ಯಾಡ್ರಿ ಅಳಿಯಂದ್ರ. ಹೆಸರು ಹೇಳಾಕ ಬಾಯಿ ಬರಬೇಕಲ್ರಿ. ಓಣ್ಯಾಗ ನಿಮ್ಮ ಪೈಕಿ ಒಬ್ಬಾಕಿ ಅದಾಳ, ಆಕಿ ಹೇಳಲಿ. ನಿಮ್ಮ ಅಕ್ಕ ತೊಟ್ಟಿಲ ತೂಗಲಿ."

ನಾನು ಹೂಂ ಎನ್ನುವವನಿದ್ದೆ. ಜಗಳಕ್ಕೆ ಹೆದರಿ ಅಲ್ಲ. ಕೇಳದವಳು ಕೂಸಿನ ಕಿವಿಗೆ ಬಾಯಿ ಇಟ್ಟರೆ ಏನಾದೀತೋ ಎಂಬ ಭಯ ನನಗೂ ಇತ್ತು. ಇದನ್ನು ಬರೆಯಲು ಇಪ್ಪತ್ತೈದು ವರ್ಷ ಬೇಕಾಯಿತು. ಆ ಅಕ್ಕನೇ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು.

"ಅವರ ಹೇಳಬೇಕು," ಎಂದಳು ಒಳಗಿನಿಂದ ಹೆಂಡತಿ. "ನನ್ನ ಕೂಸು, ಅವರ ಹಕ್ಕು." ಬಾಣಂತಿಯ ಮಾತಿಗೆ ಆ ಮನೆಯಲ್ಲಿ ಎದುರು ಮಾತಿರಲಿಲ್ಲ.

ಅಕ್ಕ ಅವ್ವನ ಜೊತೆ ಕುಷ್ಟಗಿಯಿಂದ ಮೊದಲ ಬಸ್ಸಿಗೆ ಬಂದಳು. ಕೂಸಿನ ತಲೆಗೂ ಬೆನ್ನಿಗೂ ಹೊದಿಸುವ ಕುಂಚಿಗೆಯನ್ನು ತಾನೇ ಹೊಲಿದು ತಂದಿದ್ದಳು. ಕೆಂಪು ಖಣದ ಅಂಚು, ಒಳಗೆ ಹಳೆಯ ಮೆತ್ತನೆ ಸೀರೆ. ದಾರಿಯುದ್ದಕ್ಕೂ ಅವ್ವ ಅವಳ ಕೈಯನ್ನು ತನ್ನ ಗಂಟಲ ಮೇಲೆ ಇಡಿಸಿಕೊಂಡು 'ಕುರ್, ಕುರ್' ಎಂದು ಹೇಳುತ್ತ, ಆ ನಡುಕವನ್ನು ಕಲಿಸುತ್ತ ಬಂದಿದ್ದಳಂತೆ. "ಬಸ್ಸಿನ ಮಂದಿ ನನಗ ಹುಚ್ಚು ಹಿಡದೈತಿ ಅಂತ ತಿಳಕೊಂಡ್ರು," ಎಂದಳು ಅವ್ವ.

ಅಕ್ಕ ಕೂಸನ್ನು ನೋಡುವ ರೀತಿಯೇ ಬೇರೆಯಿತ್ತು. ನಾನು ಹತ್ತು ದಿನ ತಪ್ಪು ಹುಡುಕಿ ನೋಡಿದ ಮೈಯನ್ನು ಅವಳು ಕೈಯಿಂದ ನೋಡಿದಳು. ಬಡಿದುಕೊಳ್ಳುವ ನೆತ್ತಿಯ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ಬಹಳ ಹೊತ್ತು ಹಾಗೇ ಇದ್ದಳು. ನನಗೆ ಹೆದರಿಕೆ ಹುಟ್ಟಿಸಿದ್ದ ಬಡಿತ ಅವಳಿಗೆ ಕೂಸು ಆಡಿದ ಮಾತಿನಂತಿತ್ತು.

ತೊಟ್ಟಿಲ ಸುತ್ತ ಹೆಂಗಸರು ನಿಂತರು. ನಾನು ಗಂಡಸರ ಜೊತೆ ಹೊರಗೆ ಕೂರಬೇಕಾದವನು, ಬಾಗಿಲ ಚೌಕಟ್ಟು ಹಿಡಿದು ನಿಂತೆ. ಆ ಹೊತ್ತಿಗೆ ಗಿರಣಿಯೂ ನಿಂತಿತ್ತು. ಕೂಸು ಎಚ್ಚರವಿತ್ತು, ಗಿರಣಿ ನಿಂತಾಗಲೇ ಅದಕ್ಕೆ ಎಚ್ಚರವಾಗುತ್ತದೆ ಎಂಬುದನ್ನು ಹತ್ತು ದಿನ ಕಣ್ಣಾರೆ ಕಂಡೂ ನಾನು ಪಟ್ಟಿಯಲ್ಲಿ ಬರೆದಿರಲಿಲ್ಲ. ಒಳ್ಳೆಯ ಸುದ್ದಿಗೆ ನಂಬರು ಹಾಕುವ ರೂಢಿ ನನಗಿರಲಿಲ್ಲ.

ಅಕ್ಕ ಬಗ್ಗಿದಳು. ಒಂದು ಕೈ ತನ್ನ ಗಂಟಲ ಮೇಲೆ, ಇನ್ನೊಂದು ತೊಟ್ಟಿಲ ಅಂಚಿನ ಮೇಲೆ. ತನ್ನ ದನಿ ಎಂಥದೆಂದು ಅವಳಿಗೆ ಗೊತ್ತಿಲ್ಲ, ಆದ್ದರಿಂದ ಅದಕ್ಕೆ ಅಳತೆ ಇಲ್ಲ. ಪಿಸುಮಾತಿನಲ್ಲಿ ಬರಬೇಕಾದ 'ಕುರ್' ಹೊರಗೆ ಕಟ್ಟೆಯ ಮೇಲಿದ್ದವರು ತಿರುಗಿ ನೋಡುವಂತೆ ಬಂತು.

ಕೂಸು ಬೆಚ್ಚಿತು. ಎರಡೂ ಕೈ ಅಗಲಕ್ಕೆ ಹಾರಿದವು, ಹತ್ತೂ ಬೆರಳು ಬಿಚ್ಚಿಕೊಂಡವು, ಕಣ್ಣು ಎಷ್ಟು ದೊಡ್ಡವಾಗಬಹುದೋ ಅಷ್ಟು ದೊಡ್ಡವಾದವು. ಆಮೇಲೆ ಬೂಬಮ್ಮ ಹೇಳಿದ ಹಾಗೆಯೇ, ಕೈಗಳು ಯಾರನ್ನೋ ತಬ್ಬಿಕೊಳ್ಳಲು ಒಳಕ್ಕೆ ಬಂದವು. ತಬ್ಬಿಕೊಳ್ಳಲು ಯಾರೂ ಇರಲಿಲ್ಲ, ತನ್ನದೇ ಮುಖವಿತ್ತು. ಕೂಸು ಕಣ್ಣೀರಿಲ್ಲದೆ ಅಳತೊಡಗಿತು.

ಒಳಗೆ ಹೆಂಡತಿ ನನ್ನನ್ನು ನೋಡಿದಳು. ನಾನು ಅವಳನ್ನು ನೋಡಿದೆ. ಅವಳ ಕಣ್ಣಲ್ಲಿ ಮಾತ್ರ ನೀರಿತ್ತು. ಹೆಂಗಸರು ಪದ್ಧತಿಯಂತೆ ಅಕ್ಕನ ಬೆನ್ನಿಗೆ ಗುದ್ದುತ್ತಿದ್ದರು, ನಗುತ್ತಿದ್ದರು. ಅಕ್ಕ ನಗಲಿಲ್ಲ. ಅವಳು ಕೂಸಿನ ಮುಖ ನೋಡುತ್ತಿದ್ದಳು. ಬಾಯಿ ತೆರೆದದ್ದು ಕಾಣುತ್ತಿತ್ತು, ಅಳು ಕೇಳುತ್ತಿರಲಿಲ್ಲ. ತಾನೇನೋ ತಪ್ಪು ಮಾಡಿದೆ ಎಂದುಕೊಂಡು ನನ್ನತ್ತ ತಿರುಗಿದಳು. ನಾನು ಹೆಂಗಸರನ್ನು ಸರಿಸಿಕೊಂಡು ಒಳಗೆ ಹೋಗಿ, ಕೂಸಿನ ಕಿವಿ ತೋರಿಸಿದೆ, ಅಕ್ಕನ ಗಂಟಲು ತೋರಿಸಿದೆ, ನನ್ನ ಎರಡೂ ಕೈಯನ್ನು ಅಗಲಕ್ಕೆ ಒಗೆದು ತೋರಿಸಿದೆ. ಹುಟ್ಟಿದ ಕೂಸಿನಂತೆ ಬೆಚ್ಚಿ ತೋರಿಸುವ ಅಳಿಯನನ್ನು ಆ ಊರು ಮೊದಲ ಸಲ ನೋಡಿತು. ಅಕ್ಕನಿಗೆ ಅರ್ಥವಾಗಲು ಎರಡು ಸಲ ಮಾಡಬೇಕಾಯಿತು. ಅರ್ಥವಾದ ಮೇಲೆ ಅವಳು ನನ್ನ ಕಪಾಳಕ್ಕೆ ಮೆಲ್ಲಗೆ ಒಂದು ಕೊಟ್ಟು, ಮತ್ತೆ ಬಗ್ಗಿ ಕೂಸಿನ ಕೆನ್ನೆಯತ್ತ ಬೆರಳು ಮಾಡಿದಳು.

ಬಲಗಣ್ಣಿನ ಕೆಳಗೆ, ಸಜ್ಜೆಯ ಕಾಳಿನಷ್ಟು ಉದ್ದದ ಒಂದು ಕೆಂಪು ಗೀರು. ತಬ್ಬಿಕೊಳ್ಳಲು ಬಂದ ಕೈಯ ಉಗುರು ತಾಗಿದ್ದು. ಪಟ್ಟಿಯಲ್ಲಿ ಉಗುರು ಇರಲಿಲ್ಲ.